ಉತ್ತರ ಕೊಡದ ಇನ್ನೂರ ಎಂಬತ್ತು ಮನೆಗಳು

“ಗುರುಗಳೇ, ಕೇಳಿದ್ದಕ್ಕೆ ಉತ್ತರವನ್ನೇ ಕೊಡದವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?” ಎಂದು ಶಿಷ್ಯ ಕೇಳಿದ.

ಆ ವರ್ಷ ಮಠದಿಂದ ಬಿತ್ತನೆಯ ಬೀಜ ಹಂಚುವುದಿತ್ತು. ಯಾರ ಮನೆಯಲ್ಲಿ ಬೀಜವಿದೆ, ಯಾರ ಮನೆಯಲ್ಲಿಲ್ಲ ಎಂದು ತಿಳಿದು ಬರಲು ಗುರು ಅವನನ್ನು ಸುತ್ತಲ ಹಳ್ಳಿಗಳಿಗೆ ಕಳುಹಿಸಿದ್ದರು. ಅವನು ನೂರು ಮನೆಗಳಿಗೆ ಹೋಗಿ ಬಂದಿದ್ದ. ಎಪ್ಪತ್ತು ಮನೆಗಳಿಂದ ಉತ್ತರ ಸಿಕ್ಕಿತ್ತು. ಮೂವತ್ತು ಮನೆಗಳಿಂದ ಸಿಕ್ಕಿರಲಿಲ್ಲ.

“ನೀನೇನು ಮಾಡಿದೆ?” ಎಂದರು ಗುರು.

“ಎಪ್ಪತ್ತು ಮನೆಗಳ ಹಾಗೆಯೇ ಉಳಿದ ಮೂವತ್ತೂ ಇರಬೇಕೆಂದು ಬರೆದುಕೊಂಡೆ. ಎಪ್ಪತ್ತೆಂದರೆ ಕಡಿಮೆಯೇನಲ್ಲವಲ್ಲ.”

ಗುರು ಅದನ್ನು ಸರಿಯೆನ್ನಲಿಲ್ಲ, ತಪ್ಪೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ನಾಡಿನಲ್ಲಿ ಬೊಪ್ಪಣ್ಣ ಎಂಬ ಕರಣಿಕನಿದ್ದ. ನಾಡಿನ ಹೊಲಗಳೆಷ್ಟು, ಬೆಳೆಯೆಷ್ಟು, ಕಣಜದಲ್ಲಿರುವ ಧಾನ್ಯವೆಷ್ಟು ಎಂದು ಬರೆದಿಡುವುದು ಅವನ ಕೆಲಸ. ಅಂಕೆಗಳನ್ನು ಕಂಡರೆ ಅವನಿಗೆ ಹಸಿವು ನೀರಡಿಕೆ ಮರೆಯುತ್ತಿತ್ತು. ಲೆಕ್ಕ ಕೂಡಿಬಂದ ದಿನ ಅವನು ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದ.

ಆ ವರ್ಷ ಮುಂಗಾರು ಹದವಾಗಿ ಸುರಿಯಿತು. ಜೋಳ ಮೊಳಕಾಲೆತ್ತರಕ್ಕೆ ಬಂದಿದ್ದಾಗ ನೆರೆನಾಡಿನ ಒಬ್ಬ ವರ್ತಕ ನಾನೂರು ಬರಿ ಗಾಡಿಗಳನ್ನು ಹೊಡೆಸಿಕೊಂಡು ಬಂದ. ಅವನ ನಾಡಿನಲ್ಲಿ ಹೊಳೆ ಉಕ್ಕಿ ಬಿತ್ತಿದ್ದೆಲ್ಲ ಕೊಚ್ಚಿಹೋಗಿತ್ತು. “ನಿಮ್ಮ ಕಣಜದ ಜೋಳ ನಮಗೆ ಕೊಟ್ಟರೆ ನಮ್ಮ ಜನ ಬದುಕುತ್ತಾರೆ” ಎಂದು ಅವನು ಅರಸನ ಮುಂದೆ ಕೈಮುಗಿದ.

ಕೊಡಬೇಕೆಂಬ ಮನಸ್ಸು ಅರಸನಿಗಿತ್ತು. ಆದರೆ ನಾನೂರು ಗಾಡಿ ತುಂಬಿದರೆ ಕಣಜದಲ್ಲಿ ಉಳಿಯುವುದು ಇಲಿಗಳಿಗಷ್ಟೇ. ಹೊಲದಲ್ಲಿರುವ ಬೆಳೆ ನಾಡಿಗೆ ಸಾಲುವುದಾದರೆ ಕಣಜ ಬರಿದು ಮಾಡಬಹುದು. ಸಾಲದೆ ಹೋದರೆ ಹಿಡಿ ಕಾಳೂ ಗಡಿ ದಾಟಬಾರದು. ಅರಸ ಬೊಪ್ಪಣ್ಣನನ್ನು ಕರೆಸಿ, “ಹುಣ್ಣಿಮೆಗೆ ಇಪ್ಪತ್ತು ದಿನವಿದೆ. ಅಷ್ಟರೊಳಗೆ ಬೆಳೆಯ ಲೆಕ್ಕ ಬೇಕು” ಎಂದ.

ನಾಡಿನಲ್ಲಿ ಸಾವಿರಕ್ಕೂ ಮಿಕ್ಕಿ ಹಳ್ಳಿಗಳಿದ್ದವು. ಎಲ್ಲವನ್ನೂ ಸುತ್ತಲು ಇಪ್ಪತ್ತು ದಿನ ಎಲ್ಲಿ ಸಾಕು? ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕೆಂದು ಬೊಪ್ಪಣ್ಣ ಬಲ್ಲ. ಅವನು ಹಳ್ಳಿಗಳ ಹೆಸರು ಬರೆದು ಚೀಟಿ ಎತ್ತಿಸಿ ನೂರು ಹಳ್ಳಿಗಳನ್ನು ಆರಿಸಿದ. ಪ್ರತಿ ಹಳ್ಳಿಯಲ್ಲಿ ಹತ್ತು ಮನೆಗಳನ್ನು ಮತ್ತೆ ಚೀಟಿ ಎತ್ತಿಯೇ ಆರಿಸಿದ. ಒಟ್ಟು ಸಾವಿರ ಮನೆ. ಮನೆಗೆ ಒಂದೇ ಪ್ರಶ್ನೆ: ಈ ವರ್ಷ ನಿಮ್ಮ ಹೊಲದ ಬೆಳೆ ಎಷ್ಟಾಣೆ?

ತುಂಬು ಬೆಳೆಗೆ ಹದಿನಾರಾಣೆ, ಅರ್ಧ ಬೆಳೆಗೆ ಎಂಟಾಣೆ ಎನ್ನುವುದು ಆ ರೈತರ ರೂಢಿ. ಇಡೀ ನಾಡಿನ ಸರಾಸರಿ ಹನ್ನೆರಡಾಣೆ ಬಂದರೆ ಜನ ಉಂಡು ಬದುಕುತ್ತಾರೆ, ಅದಕ್ಕಿಂತ ಇಳಿದರೆ ಕಣಜದ ಬಾಗಿಲು ತೆರೆಯಬೇಕು ಎಂಬುದು ಹಿರಿಯರ ಕಾಲದಿಂದ ಕಂಡುಕೊಂಡ ಮಾತು.

ಬೊಪ್ಪಣ್ಣನ ಲೆಕ್ಕಿಗರು ನಾಲ್ಕೂ ದಿಕ್ಕಿಗೆ ಹೊರಟರು. ಹದಿನೈದನೆಯ ದಿನ ಎಲ್ಲರೂ ಮರಳಿದರು. ಕೇತಯ್ಯ ಎಂಬ ಹಿರಿಯ ಲೆಕ್ಕಿಗ ಎಲ್ಲರ ಓಲೆಗಳನ್ನೂ ಒಟ್ಟುಮಾಡಿ, ಅಂದವಾಗಿ ಬರೆದು ಬೊಪ್ಪಣ್ಣನ ಮುಂದಿಟ್ಟ. ಬೊಪ್ಪಣ್ಣ ಕೂಡಿದ. ಇನ್ನೊಮ್ಮೆ ಕೂಡಿದ. ಹದಿನಾಲ್ಕಾಣೆ! ಅವನ ಕಾಲದಲ್ಲಿ ಅಷ್ಟು ಬೆಳೆಯನ್ನು ನಾಡು ಕಂಡಿರಲಿಲ್ಲ. ಅವನು ಮೇಲುಹೊದಿಕೆಯನ್ನೂ ಹೊದೆಯದೆ ಅರಮನೆಗೆ ಓಡಿದ. “ಹದಿನಾಲ್ಕಾಣೆ, ಪ್ರಭು! ಹದಿನಾಲ್ಕಾಣೆ!” ಎಂದು ಬಾಗಿಲಲ್ಲೇ ಕೂಗಿದ.

ಅರಸನ ಮುಖ ಅರಳಿತು. ವರ್ತಕನ ಕಣ್ಣಲ್ಲಿ ನೀರು ಬಂತು. ಗಾಡಿಗಳಿಗೆ ಜೋಳ ತುಂಬಿಸಿ, ಹುಣ್ಣಿಮೆಯ ಬೆಳಿಗ್ಗೆ ಹೊರಡಿಸಿ ಎಂದು ಅಪ್ಪಣೆಯಾಯಿತು.

ಬೊಪ್ಪಣ್ಣ ಹಿಗ್ಗಿನಿಂದ ಮನೆಗೆ ಬಂದ. ಊಟಕ್ಕೆ ಕೂಡಲಿಲ್ಲ. ಇಷ್ಟು ಒಳ್ಳೆಯ ಲೆಕ್ಕವನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕೆನಿಸಿತು. ಒಂದೊಂದು ಹಳ್ಳಿಯ ಹತ್ತು ಮನೆಗಳನ್ನೂ ಬೆರಳಿಟ್ಟು ಓದುತ್ತ ಹೋದ. ಹಾಗೆ ಓದುವಾಗ ಒಂದು ವಿಚಿತ್ರ ಕಂಡಿತು. ಕೆಲವು ಹಳ್ಳಿಗಳಲ್ಲಿ ಹತ್ತು ಮನೆಗಳಿಗೆ ಹತ್ತು ಬಗೆಯ ಉತ್ತರವಿತ್ತು. ಕೆಲವು ಹಳ್ಳಿಗಳಲ್ಲಿ ಒಂದೋ ಎರಡೋ ಬಗೆಯ ಉತ್ತರವೇ ಮತ್ತೆ ಮತ್ತೆ ಬಂದಿತ್ತು. ಹೊಲಗಳು ಎಲ್ಲಾದರೂ ಹೀಗೆ ಒಂದೇ ಅಚ್ಚಿನಲ್ಲಿ ಬೆಳೆಯುತ್ತವೆಯೇ?

ಅವನು ಕೇತಯ್ಯನನ್ನು ಕರೆಸಿ ಕೇಳಿದ.

“ಅದೋ? ಇನ್ನೂರ ಎಂಬತ್ತು ಮನೆಗಳಿಂದ ಉತ್ತರ ಸಿಗಲಿಲ್ಲ, ಒಡೆಯ” ಎಂದ ಕೇತಯ್ಯ. “ಬಾಗಿಲು ಹಾಕಿತ್ತಂತೆ. ಖಾಲಿ ಬಿಟ್ಟರೆ ಓಲೆಗೆ ಲಕ್ಷಣವಲ್ಲ. ಸೊನ್ನೆ ಬರೆದರೆ ಸುಳ್ಳಾಗುತ್ತದೆ. ಅದೇ ಊರಿನ ಉತ್ತರ ಕೊಟ್ಟ ಮನೆಗಳ ಬೆಳೆಯನ್ನೇ ಅವರಿಗೂ ಹಾಕಿದೆ. ಒಂದೇ ಊರು, ಒಂದೇ ಮಳೆ, ಒಂದೇ ಮಣ್ಣಲ್ಲವೇ?”

ಕೇತಯ್ಯ ಸೋಮಾರಿಯಲ್ಲ, ಮೋಸಗಾರನೂ ಅಲ್ಲ. ಅವನ ಮಾತು ಕೇಳಲು ಸರಿಯಾಗಿಯೇ ಇತ್ತು. ಆದರೆ ಬೊಪ್ಪಣ್ಣ ಅದನ್ನು ಅಲ್ಲಿಗೇ ಬಿಡಲಿಲ್ಲ. ಅವನು ಲೆಕ್ಕಿಗರು ತಂದಿದ್ದ ಮೊದಲ ಓಲೆಗಳನ್ನು ಹರಡಿಕೊಂಡು ಕೂತ. ಊರೂರಿಗೆ ಒಂದೋ ಎರಡೋ ಮನೆ ಖಾಲಿ ಬಿದ್ದಿದ್ದರೆ ಅವನು ಸುಮ್ಮನಾಗುತ್ತಿದ್ದ. ಮದುವೆಗೆ ಹೋದವರು, ಸಂತೆಗೆ ಹೋದವರು ಎಲ್ಲ ಊರಲ್ಲೂ ಇರುತ್ತಾರೆ. ಇಲ್ಲಿ ಹಾಗಿರಲಿಲ್ಲ. ಹಲವು ಊರುಗಳಲ್ಲಿ ಒಂದು ಮನೆಯೂ ಖಾಲಿಯಿರಲಿಲ್ಲ. ಕೆಲವು ಊರುಗಳಲ್ಲಿ ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು ಖಾಲಿ. ಅಂಥ ಊರುಗಳಲ್ಲಿ ಒಂದೆರಡು ಬಾಯಿಗಳು ಹತ್ತು ಮನೆಗಳ ಮಾತಾಡಿದ್ದವು.

ಊರಿಗೆ ಊರೇ ಬಾಗಿಲು ಹಾಕಿಕೊಂಡು ಎಲ್ಲಿಗೆ ಹೋಯಿತು?

ಹುಣ್ಣಿಮೆಗೆ ಐದು ದಿನ ಉಳಿದಿತ್ತು. ಅರಸನ ಬಳಿಗೆ ಹೋಗಿ ‘ನಾನು ಹೇಳಿದ್ದು ಸರಿಯೋ ಇಲ್ಲವೋ ನನಗೇ ಗೊತ್ತಿಲ್ಲ’ ಎನ್ನಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಇನ್ನೂರ ಎಂಬತ್ತು ಮನೆಗಳನ್ನು ಮತ್ತೆ ಹುಡುಕಲು ಹೊತ್ತಿರಲಿಲ್ಲ. ಅವನು ಆ ಇನ್ನೂರ ಎಂಬತ್ತು ಹೆಸರುಗಳನ್ನೇ ಚೀಟಿ ಮಾಡಿ, ಹತ್ತಕ್ಕೆ ಒಂದರಂತೆ ಇಪ್ಪತ್ತೆಂಟನ್ನು ಎತ್ತಿಸಿದ. ಆರು ಜನ ಲೆಕ್ಕಿಗರನ್ನು ಕರೆದ. ತಾನು ಏಳನೆಯವನಾದ. ತಲೆಗೆ ನಾಲ್ಕು ಮನೆ.

“ಈ ಸಲ ಬಾಗಿಲು ಹಾಕಿತ್ತು ಎಂದು ಯಾರೂ ಹಿಂದಿರುಗುವಂತಿಲ್ಲ” ಎಂದ ಬೊಪ್ಪಣ್ಣ. “ಮನೆಯಲ್ಲಿಲ್ಲದಿದ್ದರೆ ಹೊಲಕ್ಕೆ ಹೋಗಿ. ಹೊಲದಲ್ಲಿಲ್ಲದಿದ್ದರೆ ನೆಂಟರ ಮನೆಗೆ ಹೋಗಿ. ಆ ಮನುಷ್ಯ ಎಲ್ಲಿದ್ದರೆ ಅಲ್ಲಿಗೆ ಹೋಗಿ. ಬೆಳೆಯನ್ನು ಕಣ್ಣಾರೆ ನೋಡದೆ ಬರಬೇಡಿ.”

ಹತ್ತು ವರ್ಷಗಳಿಂದ ಬೊಪ್ಪಣ್ಣ ಕುದುರೆ ಏರಿರಲಿಲ್ಲ. ಲಾಯದವರು ಅವನನ್ನು ಎತ್ತಿ ಕೂರಿಸಿದರು. ಮೊದಲ ಹರದಾರಿಯಲ್ಲಿ ಎರಡು ಸಲ ಬಿದ್ದ. ಮೂರನೆಯ ಸಲ ಹತ್ತಿದವನು ಜೂಲನ್ನು ಬಿಡಲೇ ಇಲ್ಲ.

ಅವನ ಚೀಟಿಯ ಮೊದಲ ಮನೆ ಸಾತವ್ವ ಎಂಬ ರೈತ ಹೆಂಗಸಿನದು. ಬಾಗಿಲಿಗೆ ಚಿಲಕ ಹಾಕಿತ್ತು. ಅದರ ಪಕ್ಕದ ಮನೆಗೂ ಹಾಕಿತ್ತು. ಬೀದಿಯುದ್ದಕ್ಕೂ ನಾಯಿಗಳ ಹೊರತು ಯಾರೂ ಇರಲಿಲ್ಲ. ಅವನು ಕುದುರೆಯನ್ನು ಹೊಲದ ಕಡೆಗೆ ತಿರುಗಿಸಿದ. ಊರು ದಾಟುತ್ತಿದ್ದಂತೆ ಗುದ್ದಲಿಗಳ ಸದ್ದು ಕೇಳಿಸಿತು. ಒಂದಲ್ಲ, ಹತ್ತಲ್ಲ, ನೂರಾರು ಗುದ್ದಲಿಗಳು. ಮುದುಕರು, ಹೆಂಗಸರು, ಎಲ್ಲರೂ ಹೊಲಗಳ ಸುತ್ತ ಮೊಳದಾಳದ ಕಂದಕ ತೋಡುತ್ತಿದ್ದರು.

ಅವರಾಚೆಗಿನ ನೆಲ ಚಲಿಸುತ್ತಿತ್ತು. ಬೊಪ್ಪಣ್ಣ ಕಣ್ಣುಜ್ಜಿಕೊಂಡು ನೋಡಿದ. ಕಂಬಳಿ ಹುಳು. ಲಕ್ಷ ಲಕ್ಷ ಕಂಬಳಿ ಹುಳು ಒಂದರ ಮೇಲೊಂದು ಹರಿಯುತ್ತ ಬರುತ್ತಿದ್ದವು. ಅವು ದಾಟಿ ಬಂದ ಹೊಲಗಳಲ್ಲಿ ಜೋಳದ ಒಂದು ಎಲೆಯೂ ಉಳಿದಿರಲಿಲ್ಲ. ಬರಿ ದಂಟಿನ ಮೋಟುಗಳು ನಿಂತಿದ್ದವು.

“ಇಲ್ಲಿ ಸಾತವ್ವ ಯಾರು?” ಎಂದು ಅವನು ಕೂಗಿದ.

ಮಣ್ಣು ಮೆತ್ತಿದ ಮುಖದ ಒಬ್ಬ ಹೆಂಗಸು ತಲೆಯೆತ್ತದೆ, “ನಾನೇ. ಏನಾಗಬೇಕಿತ್ತು?” ಎಂದಳು.

“ಬೆಳೆಯ ಲೆಕ್ಕ ಕೇಳಲು ಬಂದಿದ್ದೇನೆ, ತಾಯಿ. ನಮ್ಮವನು ಮೊದಲು ಬಂದಾಗ ನೀವು ಸಿಗಲಿಲ್ಲವಂತೆ.”

“ಗುದ್ದಲಿ ಹಿಡಿಯಿರಿ. ಅಗೆಯುತ್ತ ಕೇಳಿ, ಅಗೆಯುತ್ತ ಹೇಳುತ್ತೇನೆ.”

ಬೊಪ್ಪಣ್ಣ ಗುದ್ದಲಿ ಹಿಡಿದ. ಅವನ ಅಂಗೈ ಲೇಖನಿಯ ಅಂಗೈ. ಇಪ್ಪತ್ತು ಪೆಟ್ಟಿಗೆ ಬೊಬ್ಬೆಯೆದ್ದಿತು. ಕಂದಕದ ಗೋಡೆಯನ್ನು ನೆಟ್ಟಗೆ ಕಡಿಯಬೇಕು, ಇಳಿಜಾರಾದರೆ ಹುಳು ಹತ್ತಿ ಬರುತ್ತದೆ ಎಂದು ಸಾತವ್ವ ತೋರಿಸಿಕೊಟ್ಟಳು. ಒಂದು ವಾರದಿಂದ ಊರವರು ಹಗಲೆಲ್ಲ ಇಲ್ಲೇ ಇದ್ದಾರೆ, ಬುತ್ತಿಯೂ ಇಲ್ಲೇ ಎಂದಳು. ಅವಳ ಹೊಲದಲ್ಲಿ ಉಳಿದದ್ದು ನಾಲ್ಕಾಣೆ. ಅದೂ ಈ ಕಂದಕ ಮುಗಿದರೆ. ಅವಳ ಬದುವಿನಾಚೆ ಒಂದು ಹೊಲ ಹಸಿರಾಗಿ ತೂಗುತ್ತಿತ್ತು.

“ಆ ಹೊಲ ಯಾರದು?”

“ನಮ್ಮ ಊರಿನವನದೇ. ಹುಳು ಇನ್ನೂ ಅವನ ಬದು ದಾಟಿಲ್ಲ. ಮನೆಯಲ್ಲಿ ತಣ್ಣಗಿದ್ದಾನೆ. ನಿಮ್ಮವನು ಬಂದಾಗ ಮಜ್ಜಿಗೆ ಕೊಟ್ಟು ಹದಿನಾರಾಣೆ ಎಂದು ಬರೆಸಿದವನು ಅವನೇ.”

“ಹುಳು ಬಂದಿದೆ ಎಂದು ಅವನು ಹೇಳಲಿಲ್ಲವೇ?”

“ನಿನ್ನ ಹೊಲ ಹೇಗಿದೆ ಎಂದು ಕೇಳಿದಿರಂತೆ. ಅವನ ಹೊಲ ಚೆನ್ನಾಗಿತ್ತು, ಹೇಳಿದ. ಪಕ್ಕದವರದು ಹೇಗಿದೆ ಎಂದು ನೀವೂ ಕೇಳಲಿಲ್ಲ.”

ಬೊಪ್ಪಣ್ಣ ಗುದ್ದಲಿ ಊರಿ ನಿಂತ. ಅವನು ಮಾಡಿಸಿದ್ದ ಲೆಕ್ಕ ಒಂದೇ ಏಟಿಗೆ ತಲೆಕೆಳಗಾಗಿ ನಿಂತಿತ್ತು. ಭಯದ ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಹುರುಪು ಅವನೊಳಗೆ ಎದ್ದಿತು. ಸಿಕ್ಕಿತು! ಇಷ್ಟು ದಿನ ಖಾಲಿ ಜಾಗದಲ್ಲಿ ಅಡಗಿ ಕೂತಿದ್ದ ಸುದ್ದಿ ಕೊನೆಗೂ ಕೈಗೆ ಸಿಕ್ಕಿತು. ಅವನು ಕುದುರೆ ಏರಿದ. ಈ ಸಲ ಯಾರೂ ಎತ್ತಬೇಕಾಗಲಿಲ್ಲ.

ಆದರೆ ಎರಡನೆಯ ಮನೆ ಬೇರೆಯೇ ಮಾತಾಡಿತು. ಅಲ್ಲಿ ಬಾಗಿಲು ಬಡಿದಾಗ ಒಳಗಿನಿಂದಲೇ, “ಮನೆಯಲ್ಲಿ ಯಾರೂ ಇಲ್ಲ” ಎಂದು ಗಂಡಸಿನ ದನಿ ಬಂತು. ಬೊಪ್ಪಣ್ಣ ಜಗಲಿಯ ಮೇಲೆ ಕೂತು ಮಧ್ಯಾಹ್ನದವರೆಗೆ ಕಾದ. ನೀರಿಗೆಂದು ಹೊರಬಂದ ಮನೆಯ ಯಜಮಾನ ಸಿಕ್ಕಿಬಿದ್ದ. ಅವನ ಹೊಲದಲ್ಲಿ ತುಂಬು ಹದಿನಾರಾಣೆ ಬೆಳೆಯಿತ್ತು. ನಿಜ ಹೇಳಿದರೆ ಅರಮನೆಯವರು ಹೆಚ್ಚು ಪಾಲು ಕೇಳಿಯಾರೆಂದು ಹೆದರಿ ಅವಿತಿದ್ದ. ಮೂರನೆಯ ಮನೆಯವರು ಮಗಳ ಬಾಣಂತನಕ್ಕೆಂದು ಹೋಗಿದ್ದರು. ಬೆಳೆ ಹದಿನಾಲ್ಕಾಣೆ. ನಾಲ್ಕನೆಯ ಮನೆಯವರು ಮತ್ತೆ ಕಂದಕದಲ್ಲೇ ಸಿಕ್ಕರು. ಅವರದೂ ನಾಲ್ಕಾಣೆ. ಬೊಪ್ಪಣ್ಣ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದುಕೊಂಡ. ಹುಳುವನ್ನು ಕಂಡ ಬಿಸಿಯಲ್ಲಿ ಇಪ್ಪತ್ತೆಂಟಕ್ಕೂ ಹುಳು ಎಂದು ಬರೆದರೆ ಅದೂ ಕೇತಯ್ಯನ ಕೆಲಸವೇ ಆಗುತ್ತದೆ ಎಂದು ಅವನು ತಿಳಿದಿದ್ದ.

ಹುಣ್ಣಿಮೆಯ ಬೆಳಿಗ್ಗೆ ಏಳು ಕುದುರೆಗಳು ಊರಬಾಗಿಲಲ್ಲಿ ಸೇರಿದವು. ಒಳಗೆ ಆಗಲೇ ಡೋಲು ಬಡಿಯುತ್ತಿದ್ದರು. ನಾನೂರು ಗಾಡಿಗಳು ಜೋಳ ತುಂಬಿಕೊಂಡು ಸಾಲಾಗಿ ನಿಂತಿದ್ದವು. ಲೆಕ್ಕಿಗರು ಬೊಪ್ಪಣ್ಣನ ಸುತ್ತ ಮುಗಿಬಿದ್ದು ತಮ್ಮ ತಮ್ಮ ಓಲೆ ಓದಿದರು. ಅವನು ನೆಲದ ಮೇಲೆ ಕಲ್ಲು ಹರಳುಗಳನ್ನಿಟ್ಟು ಕೂಡಿದ. ಇಪ್ಪತ್ತೆಂಟರಲ್ಲಿ ಹದಿನೇಳು ಮನೆಗಳವರು ಹುಳುವಿನೊಡನೆ ಹೋರಾಡುತ್ತಿದ್ದರು. ಐದು ಮನೆಗಳವರು ಹೆದರಿ ಬಾಗಿಲು ಹಾಕಿಕೊಂಡಿದ್ದರು. ಉಳಿದ ಆರು ಮನೆಗಳವರು ಊರಲ್ಲಿರಲಿಲ್ಲ, ಇಲ್ಲವೇ ಕಾಯಿಲೆ ಬಿದ್ದಿದ್ದರು.

ಮೊದಲ ಗಾಡಿ ಅಲುಗಿತು. ಬೊಪ್ಪಣ್ಣ ಎದ್ದು ಓಡಿ ಎತ್ತುಗಳ ಮುಂದೆ ಎರಡೂ ಕೈ ಚಾಚಿ ನಿಂತ. ಗಾಡಿಯವನು ಹಗ್ಗ ಜಗ್ಗಿದ. ಎತ್ತುಗಳ ಉಸಿರು ಬೊಪ್ಪಣ್ಣನ ಮುಖಕ್ಕೆ ತಾಗಿತು. ಡೋಲು ನಿಂತಿತು. ಗದ್ದಲ ಕೇಳಿ ಅರಸನೇ ಹೊರಬಂದ, ವರ್ತಕನೂ ಬಂದ.

ಬೊಪ್ಪಣ್ಣ ಕಂಡದ್ದನ್ನೆಲ್ಲ ಹೇಳಿದ. ತಾನು ಅವಸರಪಟ್ಟು ತಪ್ಪು ಲೆಕ್ಕ ಒಪ್ಪಿಸಿದ್ದನ್ನೂ ಹೇಳಿದ.

ಅರಸನ ಹುಬ್ಬು ಗಂಟಿಕ್ಕಿತು. “ಬೆಳೆ ಚೆನ್ನಾಗಿದೆ ಎಂದವರು ಏಳುನೂರ ಇಪ್ಪತ್ತು ಜನ. ಈಗ ಇಪ್ಪತ್ತೆಂಟು ಜನರ ಮಾತು ಕೇಳಿ ಗಾಡಿ ನಿಲ್ಲಿಸು ಎನ್ನುತ್ತೀಯಾ?”

“ಆ ಏಳುನೂರ ಇಪ್ಪತ್ತು ಜನ ಸುಳ್ಳು ಹೇಳಲಿಲ್ಲ, ಪ್ರಭು. ಅವರ ಬೆಳೆ ಚೆನ್ನಾಗಿತ್ತು, ಅದಕ್ಕೇ ಮನೆಯಲ್ಲಿದ್ದರು. ಮನೆಯಲ್ಲಿದ್ದರು, ಅದಕ್ಕೇ ನಮಗೆ ಸಿಕ್ಕರು. ಸಿಗದವರಲ್ಲಿ ಚೀಟಿ ಎತ್ತಿ ಆರಿಸಿದವರು ಈ ಇಪ್ಪತ್ತೆಂಟು ಜನ. ಇವರಲ್ಲಿ ಒಬ್ಬೊಬ್ಬರೂ ಹತ್ತು ಮನೆಗಳ ಪರವಾಗಿ ಮಾತಾಡುತ್ತಿದ್ದಾರೆ. ಹದಿನೇಳು ಎಂದರೆ ನೂರ ಎಪ್ಪತ್ತು. ಸಾವಿರ ಮನೆಗಳಲ್ಲಿ ನೂರ ಎಪ್ಪತ್ತು ಮನೆಗಳ ಹೊಲದಲ್ಲಿ ಹುಳುವಿದೆ. ಎಲ್ಲವನ್ನೂ ಸೇರಿಸಿದರೆ ನಾಡಿನ ಬೆಳೆ ಹದಿನಾಲ್ಕಾಣೆಯಲ್ಲ, ಹನ್ನೆರಡಾಣೆಗಿಂತ ತುಸುವೇ ಮೇಲೆ. ಅದೂ ಇವತ್ತಿನ ಲೆಕ್ಕ. ನಾಳೆ ಹುಳು ಇನ್ನೊಂದು ಬದು ದಾಟುತ್ತದೆ.”

ಅರಸ ಗಾಡಿಗಳ ಸಾಲನ್ನು ನೋಡಿದ. “ಹೊರೆ ಇಳಿಸಿ” ಎಂದ.

ವರ್ತಕ ಮೊದಲ ಗಾಡಿಯ ಮೂಕಿ ಹಿಡಿದು ಕುಸಿದು ಕೂತ. ಅವನ ಜನ ದಾರಿ ಕಾಯುತ್ತಿದ್ದರು. ಆಮೇಲೆ ಎದ್ದು ಬೊಪ್ಪಣ್ಣನ ಬೊಬ್ಬೆಯೆದ್ದ ಅಂಗೈ ನೋಡಿ ಕೇಳಿದ. “ಆ ಕಂದಕಗಳಿಗೆ ಎಷ್ಟು ಜನ ಬೇಕು?”

“ಎಷ್ಟಿದ್ದರೂ ಬೇಕು.”

“ಹಾಗಾದರೆ ಗಾಡಿಗಳನ್ನು ಬರಿದಾಗಿ ನಿಲ್ಲಿಸುವುದೇಕೆ? ನಿಮ್ಮ ಬೆಳೆ ಉಳಿದರೆ ತಾನೇ ನಾಳೆ ನನಗೂ ನಾಲ್ಕು ಕಾಳು?” ಎಂದ ವರ್ತಕ. ಅವನೇ ಮೊದಲ ಗಾಡಿಯ ಚೀಲಗಳಿಗೆ ಹೆಗಲು ಕೊಟ್ಟ.

ಮಗನೇ, ಆ ದಿನ ಆ ಪಟ್ಟಣದಲ್ಲಿದ್ದವರು ಅದನ್ನು ಸಾಯುವವರೆಗೂ ಮರೆಯಲಿಲ್ಲವಂತೆ. ಜೋಳ ಇಳಿಯಿತು, ಜನ ಹತ್ತಿದರು. ಕಾಲಾಳುಗಳು ಈಟಿ ಇಟ್ಟು ಗುದ್ದಲಿ ಹಿಡಿದರು. ಕುಂಬಾರರು, ನೇಕಾರರು, ಅಡುಗೆಯವರು, ಅರಮನೆಯ ಬಾಗಿಲು ಕಾಯುವವರು ಎಲ್ಲರೂ ಗಾಡಿ ಏರಿದರು. ಡೋಲಿನವರೂ ಡೋಲಿನ ಸಮೇತ ಏರಿದರು. ನಾನೂರು ಗಾಡಿಗಳು ಕಿರುಗುಟ್ಟುತ್ತ, ಧೂಳೆಬ್ಬಿಸುತ್ತ ಊರಬಾಗಿಲು ದಾಟಿದವು. ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಬೇಕಾಗಲಿಲ್ಲ. ಯಾವ ಯಾವ ಊರಿನಲ್ಲಿ ಹತ್ತಕ್ಕೆ ಎಂಟು ಮನೆ ಖಾಲಿ ಬಿದ್ದಿದ್ದವೋ ಆ ಊರುಗಳ ಹೆಸರನ್ನು ಕೇತಯ್ಯ ಮುಂದಿನ ಗಾಡಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅವನ ಕಣ್ಣಿಂದ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಪುರುಸೊತ್ತಿರಲಿಲ್ಲ.

ಹನ್ನೊಂದು ದಿನ ಅಗೆದರು. ಹುಳು ಕಂದಕಗಳಿಗೆ ಉರುಳಿತು, ಮೇಲೆ ಮಣ್ಣು ಬಿತ್ತು. ಕೆಲವು ಹೊಲಗಳು ಉಳಿಯಲಿಲ್ಲ. ಸಾತವ್ವನ ನಾಲ್ಕಾಣೆ ಉಳಿಯಿತು. ಅವಳ ಬದುವಿನಾಚೆ ಮನೆಯಲ್ಲಿ ತಣ್ಣಗಿದ್ದವನು ಮೂರನೆಯ ದಿನ ತಾನಾಗಿ ಗುದ್ದಲಿ ತಂದ. ಸುಗ್ಗಿಯಲ್ಲಿ ನಾಡಿಗೆ ಹನ್ನೆರಡಾಣೆ ಬೆಳೆ ಕೂಡಿಬಂತು. ಯಾರೂ ಉಪವಾಸ ಬೀಳಲಿಲ್ಲ. ಹುಳು ನಿಂತ ಮಾರನೆಯ ದಿನವೇ ಅರಸ ವರ್ತಕನಿಗೆ ನೂರೈವತ್ತು ಗಾಡಿ ಜೋಳ ಕೊಟ್ಟ. ಅಷ್ಟನ್ನು ಹೆದರದೆ ಕೊಡಬಹುದು ಎಂದು ಬೊಪ್ಪಣ್ಣನೇ ಲೆಕ್ಕ ಹಾಕಿ ಹೇಳಿದ. ವರ್ತಕನ ಜನ ಅರೆಹೊಟ್ಟೆಯಲ್ಲಾದರೂ ಆ ವರ್ಷ ದಾಟಿದರು.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಗಾಗಿತ್ತು. ಅವನಿಗೆ ಈಗಲೇ ಎದ್ದು ಓಡಬೇಕೆನಿಸಿತು. ಆದರೂ ಒಂದು ಮಾತು ಉಳಿದಿತ್ತು. “ಗುರುಗಳೇ, ನಾನು ಆ ಮೂವತ್ತು ಮನೆಗಳಿಗೂ ಹೋಗಿದ್ದು ನಿಜ. ಬಾಗಿಲು ಬಡಿದು ಕೇಳಿದ್ದೂ ನಿಜ. ಅವರೇ ಉತ್ತರ ಕೊಡಲಿಲ್ಲ” ಎಂದ.

ಗುರು ಅವನನ್ನೇ ನೋಡುತ್ತ ಹೇಳಿದರು: “ನೀನು ಕೇಳಿದ್ದು ಅವರನ್ನೋ, ಅವರ ಬಾಗಿಲನ್ನೋ?”